ಹೆಸರಿಲ್ಲದ ಬಟನ್

ರಾಣೆಬೆನ್ನೂರು ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ ಜಹೀರ ಅರ್ಧ ತಾಸಿನಿಂದ ಒಂದು ಹಾಳೆಯನ್ನು ಎದೆಯೆತ್ತರಕ್ಕೆ ಹಿಡಿದು ನಿಂತಿದ್ದ. ಹಾಳೆಯ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ, ಸುತ್ತ ಬಳ್ಳಿಯ ಅಂಚು ಬಿಡಿಸಿ, 'ಮುಸರತ ಮೇಡಂ ಅವರಿಗೆ ಸ್ವಾಗತ' ಎಂದು ಬರೆದಿತ್ತು. ಬಳ್ಳಿ ಬಿಡಿಸಲಿಕ್ಕೇ ಬೆಳಿಗ್ಗೆ ಮುಕ್ಕಾಲು ತಾಸು ಹಿಡಿದಿತ್ತು. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಈ ಮಹಾಶಯನಿಗೆ ತನ್ನ ಅಕ್ಷರ ದುಂಡಗಿದೆ ಎಂಬ ಹಮ್ಮು ಬೇರೆ.

ಗಾಡಿ ಬಂದು ಹೋಗಿಯೇ ಅರ್ಧ ತಾಸಾಗಿತ್ತು. ಇಳಿದವರೆಲ್ಲ ಹಾಳೆ ಓದಿ, ಅವನ ಮುಖ ನೋಡಿ, ಮುಂದೆ ನಡೆದಿದ್ದರು. ಕೊನೆಗೆ ಉಳಿದವರು ಇಬ್ಬರೇ. ಒಬ್ಬ ಇವನು, ಇನ್ನೊಬ್ಬಳು ಹತ್ತು ಹೆಜ್ಜೆ ಆಚೆ ಕಲ್ಲುಬೆಂಚಿನ ಮೇಲೆ ಹಳದಿ ಓಢಣಿ ಹೊದ್ದು ನೆಟ್ಟಗೆ ಕೂತ ಹುಡುಗಿ. ಜಹೀರ ಹತ್ತಿರ ಹೋಗಿ ಕೇಳಿದ.

"ಇಲ್ಲಿ ಬ್ಯಾಡಗಿಯಿಂದ ಬಂದ ಮೇಡಂ ಒಬ್ಬರನ್ನ ನೋಡಿದ್ರೇನ್ರಿ?"

"ಇಲ್ರಿ. ನಾ ಯಾರನ್ನೂ ನೋಡಿಲ್ಲ."

"ಕಾಲೇಜಿಗೆ ಬರಬೇಕಿತ್ರಿ ಅವರು. ಅರ್ಧ ತಾಸಾತು ಬೋರ್ಡ್ ಹಿಡಕೊಂಡು ನಿಂತೇನಿ."

"ಬೋರ್ಡ್ ಹಿಡಕೊಂಡು?" ಹುಡುಗಿಯ ತುಟಿಯ ಒಂದು ತುದಿ ಮೇಲೆದ್ದಿತು. "ಏನ್ ಬರದೀರಿ ಅದರಾಗ?"

"ಮುಸರತ ಮೇಡಂ ಅವರಿಗೆ ಸ್ವಾಗತ ಅಂತ."

"ಚಲೋ ಐತಿ. ಅಕ್ಷರ ದುಂಡಗ ಬಂದಾವೇನು?"

"ನೀವ ನೋಡ್ರಲಾ," ಎಂದು ಅವನು ಹಾಳೆಯನ್ನು ಅವಳ ಮೂಗಿನ ಹತ್ತಿರ ಹಿಡಿದ. ಹುಡುಗಿ ತೊಡೆಯ ಮೇಲಿದ್ದ ಮಡಿಸಿಟ್ಟ ಬಿಳಿ ಕೋಲನ್ನು ಟಕ್ ಟಕ್ ಎಂದು ಬಿಡಿಸಿ ಎದ್ದು ನಿಂತಳು.

"ಮುಸರತ ನಾನ ರೀ. ಓದೂದು ನನ್ನಿಂದ ಆಗೂದಿಲ್ಲ. ಬಾಯಿತುಂಬ ಒಂದ್ ಸಲ ಹೆಸರು ಕೂಗಿದ್ರ ಇಬ್ಬರಿಗೂ ಅರ್ಧ ತಾಸು ಉಳೀತಿತ್ತು."

ಅಯ್ಯೋ ಅಲ್ಲಾ! ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು ಜಹೀರನಿಗೆ. ಪ್ರಿನ್ಸಿಪಾಲ್ ಮಹೇಶ್ವರಿ ಮೇಡಂ ಅವನಿಗೆ ಹೇಳಿದ್ದು ಇಷ್ಟೇ: ಕಣ್ಣು ಕಾಣದವರೂ ಬಳಸುವಂಥ ಆ್ಯಪ್, ವೆಬ್‌ಸೈಟ್ ಮಾಡುವುದನ್ನು ಬಿಸಿಎ ಹುಡುಗರಿಗೆ ಹತ್ತು ವಾರ ಕಲಿಸಲು ಒಬ್ಬರು ಬರುತ್ತಾರೆ, ಕರೆದುಕೊಂಡು ಬಾ. ಕಲಿಸುವವಳಿಗೇ ಕಣ್ಣು ಕಾಣದೆ ಇರಬಹುದು ಎಂದು ಅವನ ತಲೆಗೆ ಹೊಳೆದೇ ಇರಲಿಲ್ಲ. ಆ ವಿದ್ಯೆ ಕಣ್ಣಿದ್ದವರಿಗೇ ಬರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ತಾನೇ ತಿಳಿದುಕೊಂಡಿದ್ದ.

ಕ್ಲಾಸಿನಲ್ಲಿ ಅವಳು ಮೊದಲು ಹೇಳಿದ್ದೇ ಈ ಬೋರ್ಡಿನ ಕಥೆ. ಹುಡುಗರು ಬೆಂಚು ಬಡಿದು ನಕ್ಕರು.

"ಅದನ್ನ ಬರದಾವರು ಇಲ್ಲೇ ಅದಾರೇನು?" ಎಂದಳು ಮುಸರತ. ಮೂವತ್ತು ಬೆರಳು ಒಮ್ಮೆಲೇ ಮೂಲೆಯತ್ತ ತೋರಿದವು. ತೋರಿದ ಮೇಲೆ ಎಲ್ಲರಿಗೂ ಪೆಚ್ಚಾಯಿತು. ಮೊದಲ ಬೆಂಚಿನ ಸಿಮ್ರಾನ ಎಂಬ ಚೂಟಿ ಹುಡುಗಿ ಎದ್ದು ನಿಂತು ಕೂಗಿದಳು: "ಮೂಲ್ಯಾಗ ನಿಂತಾರ ಮೇಡಂ, ಕಿವಿ ಕೆಂಪಗ ಆಗ್ಯಾವ!"

"ಶಾಣ್ಯಾಕಿ. ಹಿಂಗ ಬಾಯಿಬಿಟ್ಟು ಹೇಳಬೇಕು. ಇವತ್ತಿನ ಪಾಠ ಮುಗೀತು," ಎಂದಳು ಅವಳು.

ಪಾಠವೇನು ಮುಗಿಯಲಿಲ್ಲ. ಈ ಹತ್ತು ವಾರದಲ್ಲಿ ಏನು ಮಾಡುತ್ತೀರಿ ಎಂದು ಅವಳು ಕೇಳಿದ್ದಕ್ಕೆ, ಹಿಂದಿನ ಬೆಂಚಿನ ಸರದಾರ ಕಲ್ಲೇಶ ಎದೆ ಉಬ್ಬಿಸಿದ. "ಸ್ಮಾರ್ಟ್ ಕೋಲು ಮಾಡ್ತೇವ್ರಿ ಮೇಡಂ. ಸೆನ್ಸರ್ ಹಾಕಿ. ಎದುರಿಗೆ ಗ್ವಾಡಿ ಬಂದ್ರ ಬೀಪ್ ಅಂತೈತಿ."

"ಗ್ವಾಡಿಗೆ ಕೋಲು ತಾಗಿದ್ರ ನನಗ ತಿಳೀತೈತೋ ಮಾರಾಯಾ. ಅದಕೊಂದು ಚಾರ್ಜರ್ ಯಾಕ ಹೊರಲಿ? ಯಾವ ಕಾಲೇಜಿಗೆ ಹೋದ್ರೂ ಒಂದು ಸ್ಮಾರ್ಟ್ ಕೋಲು ಮಾಡಿ ಇಟ್ಟಿರ್ತಾರ. ನಿಮಗ ಏನ್ ಬೇಕು ಅಂತ ನಮ್ಮನ್ನ ಯಾರರ ಕೇಳ್ಯಾರೇನು?"

"ಕೋಳಿ ಕೇಳಿ ಖಾರಾ ಅರೀತಾರೇನ್ರಿ?" ಎಂದುಬಿಟ್ಟ ಕಲ್ಲೇಶ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ನಾ ಕೋಳಿ ಅಲ್ಲಪಾ, ಉಣ್ಣಾಕ ಬಂದಾಕಿ. ಉಣ್ಣಾವ್ರನ್ನ ಕೇಳೇ ಖಾರಾ ಅರೀಬೇಕು. ಇಲ್ಲಂದ್ರ ಅರದಾವರ ಉಣ್ಣಬೇಕಾಕ್ಕೈತಿ."

ಕಲ್ಲೇಶನೇ ಮೊದಲು ಚಪ್ಪಾಳೆ ಹೊಡೆದ. ಮೂಲೆಯಲ್ಲಿ ನಿಂತ ಜಹೀರನಿಗೆ, ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲೇ ಮನಸ್ಸು ಕಳೆದುಹೋಯಿತು. ಅಲ್ಲಿಂದ ಮುಂದೆ ಅವನು ಅದನ್ನು ಹುಡುಕಲು ಹೋಗಲೂ ಇಲ್ಲ.

ಕೇಳಬೇಕೆಂದರೆ ಯಾರನ್ನು ಕೇಳುವುದು? ಹುಡುಗರು ಕುಪ್ಪೇಲೂರಿಗೆ ಬಸ್ಸು ಹತ್ತಿ ಹೋಗಿ ತಿರಕಪ್ಪನೆಂಬ ರೈತನನ್ನು ಹಿಡಿದರು. ಅರವತ್ತರ ಆಳು, ಹುಟ್ಟಿನಿಂದ ಕಣ್ಣಿಲ್ಲ. ಮೆಣಸಿನಕಾಯಿ ಒಣಗಿತೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸಪ್ಪಳದಿಂದ ಹೇಳುವವನು. "ಹೊಲದಾಗ ನನಗೇನೂ ತೊಂದರಿ ಇಲ್ಲ," ಎಂದ ಆತ. "ಬ್ಯಾಡಗಿ ಮಾರ್ಕೆಟ್ಟಿನ್ಯಾಗ ನನ್ನ ಚೀಲದ ಲಾಟಿಗೆ ವ್ಯಾಪಾರಸ್ಥರು ಟೆಂಡರ್ ಹಾಕಿ ದರ ಬೋರ್ಡಿನ ಮ್ಯಾಲ ಬರ್ತೈತಿ. ಅದನ್ನ ಓದಿ ಹೇಳ್ರಪಾ ಅಂತ ಕಂಡಕಂಡವರ ಕೈ ಹಿಡೀಬೇಕು. ಊರಿಗೆಲ್ಲಾ ತಿಳಿದ ಮ್ಯಾಲ ನನ್ನ ದರಾ ನನಗ ತಿಳೀತೈತಿ. ಅದೊಂದು ಮನಸಿಗೆ ಹತ್ತತೈತಿ ನೋಡ್ರಿ."

ಅಲ್ಲಿಗೆ ಕೆಲಸ ಗೊತ್ತಾಯಿತು. ತನ್ನ ಲಾಟಿನ ದರವನ್ನು ತಿರಕಪ್ಪ ತಾನೇ, ಯಾರ ಹಂಗೂ ಇಲ್ಲದೆ, ಎಲ್ಲರಿಗಿಂತ ಮೊದಲು ಕೇಳಬೇಕು.

ಮೂರನೇ ವಾರಕ್ಕೆ ಕಲ್ಲೇಶನ ತಂಡ ಆ್ಯಪ್ ತಂದಿತು. ನೋಡಲು ಮದುವಣಗಿತ್ತಿಯ ಹಾಗಿತ್ತು; ಕೆಂಪು ಮೆಣಸಿನಕಾಯಿ ಚಿತ್ರ, ಹಸಿರು ತೊಟ್ಟು, ಹೊಳೆಯುವ ಗುಂಡಿಗಳು. ಮುಸರತ ತನ್ನ ಫೋನಿನಲ್ಲಿ ತೆರೆದು ಬೆರಳಾಡಿಸಿದಳು. ಪರದೆಯಲ್ಲಿದ್ದದ್ದನ್ನು ಓದಿ ಹೇಳುವ ಫೋನಿನ ಧ್ವನಿ ಎಲ್ಲರಿಗೂ ಕೇಳುವಂತೆ ಅಂದಿತು: "ಹೆಸರಿಲ್ಲದ ಬಟನ್. ಹೆಸರಿಲ್ಲದ ಬಟನ್. ಚಿತ್ರ. ಹೆಸರಿಲ್ಲದ ಬಟನ್."

"ಇದರಾಗ ದರ ಯಾವುದು, ಆ್ಯಪ್ ಅಳಿಸೂದು ಯಾವುದು?" ಎಂದಳು.

"ಕಣ್ಣಿಗೆ ಬಟ್ಟಿ ಕಟಗೊಂಡು ಪ್ರ್ಯಾಕ್ಟೀಸ್ ಮಾಡ್ತೇವ್ರಿ," ಎಂದಳು ಸಿಮ್ರಾನ, ಅಳುಮೋರೆಯಲ್ಲಿ.

"ಬ್ಯಾಡವಾ. ಬಟ್ಟಿ ಕಟಗೊಂಡ್ರ ಕತ್ತಲಿಗೆ ಅಂಜೂದು ತಿಳೀತೈತಿ. ನಾವು ಅಂಜಿಕೊಂಡು ಬದುಕೂದಿಲ್ಲ. ಒಂದೊಂದು ಗುಂಡಿಗೂ ಹೆಸರಿಡ್ರಿ, ಸಾಕು."

ಕ್ಲಾಸು ಇರುತ್ತಿದ್ದ ಮಂಗಳವಾರ, ಶುಕ್ರವಾರ ಸಂಜೆ ಅವಳನ್ನು ಸ್ಕೂಟರ್ ಮೇಲೆ ಸ್ಟೇಶನ್ನಿಗೆ ಬಿಡುವುದು ಜಹೀರನ ಕೆಲಸವಾಯಿತು. ಕೆಲಸವೆಂದು ಯಾರೂ ಹೇಳಿರಲಿಲ್ಲ, ಅದು ಬೇರೆ ಮಾತು. ಗಾಡಿ ಬರುವವರೆಗೆ ಸ್ಟೇಶನ್ ಹೊರಗಿನ ಡಬ್ಬಿ ಅಂಗಡಿಯಲ್ಲಿ ಮಿರ್ಚಿ ಭಜಿ, ಚಹಾ.

"ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ ಅಂತಾರಲ್ರಿ?" ಎಂದು ಕೆಣಕಿದ ಒಂದು ಸಂಜೆ.

"ಬಣ್ಣ ನಾ ನೋಡಿಲ್ಲ. ಖಾರದ ಬಗ್ಗೆ ಬೇಕಾದ್ರ ನಿಮ್ಮ ಹುಡುಗರನ್ನ ಕೇಳ್ರಿ," ಎಂದು ಅವಳು ಮಿರ್ಚಿಯ ತುದಿ ಕಚ್ಚಿದಳು.

ಅವನು ನೋಡಿದ. ಗಲ್ಲಕ್ಕೆ ಹತ್ತಿದ ಹಿಟ್ಟಿನ ಚೂರು, ಕಿವಿಯ ಹಿಂದೆ ನಿಲ್ಲದೆ ಮತ್ತೆ ಮತ್ತೆ ಮುಂದೆ ಬರುವ ಒಂದೇ ಎಳೆ ಕೂದಲು, ನಗು ಬರುವ ಮೊದಲೇ ಮೇಲೇಳುವ ತುಟಿಯ ಎಡತುದಿ. ಮನಸ್ಸು ಚುಚ್ಚಿತು. ತಿರುಗಿ ನೋಡಲಾರದವಳನ್ನು ಹೀಗೆ ಕಣ್ತುಂಬ ನೋಡುವುದು ಕದ್ದಂತೆಯೇ ಅಲ್ಲವೇ?

"ಒಂದ್ ಮಾತು ಹೇಳೂದೈತ್ರಿ," ಎಂದ. "ನಾ ನಿಮ್ಮನ್ನ ನೋಡಾಕತ್ತೇನಿ."

"ಗೊತ್ತೈತಿ."

"ಹ್ಯಾಂಗ?"

"ನೀವು ನೋಡೂಮುಂದ ಮಾತು ನಿಲ್ಲಸ್ತೀರಿ. ಇವತ್ತ ನಾಕು ಸಲ ನಿಂತೀರಿ. ಹೋದ ಮಂಗಳವಾರ ಆರು ಸಲ." ಅವಳು ಚಹಾ ಕಪ್ಪು ತುಟಿಗೆ ಹಿಡಿದೇ ಹೇಳಿದಳು. "ಕಡಿಮಿ ಆಗೈತಿ. ಯಾಕ?"

ಜಹೀರನ ಬಾಯಿಗೆ ಬೀಗ ಬಿತ್ತು.

"ಐದು," ಎಂದು ಎಣಿಸಿದಳು ಮುಸರತ. ಓಢಣಿಯ ಅಂಚಿನಲ್ಲಿ ಮುಖ ಮುಚ್ಚಿ ನಕ್ಕಳು. "ನಿಮ್ಮ ಮನಸಿನ್ಯಾಗೂ ಹೆಸರಿಲ್ಲದ ಬಟನ್ ಭಾಳ ಅದಾವ ಸರ್. ಯಾವಾಗರ ಲೇಬಲ್ ಹಾಕ್ರಿ." ಅಷ್ಟರಲ್ಲಿ ಗಾಡಿ ಬಂದು ಅವನ ಉತ್ತರ ಅವನಲ್ಲೇ ಉಳಿಯಿತು.

ಎಂಟನೇ ವಾರ ಮಹೇಶ್ವರಿ ಮೇಡಂ ಇಬ್ಬರನ್ನೂ ಕರೆಸಿದರು. ಹಾವೇರಿಯಲ್ಲಿ ಕಾಲೇಜುಗಳ ಪ್ರದರ್ಶನವಿತ್ತು, ಅದೂ ಬ್ಯಾಡಗಿ ಟೆಂಡರ್ ದಿನ, ಗುರುವಾರ. ಕಾಲೇಜು ಕಮಿಟಿಯವರು ಬರುತ್ತಾರೆ. ಅಂದು ತಿರಕಪ್ಪ ಯಾರ ಸಹಾಯವೂ ಇಲ್ಲದೆ ಆ್ಯಪ್ ನಡೆಸಿದರೆ ಈ ವಿಷಯ ಕಾಯಂ, ಮುಸರತಳ ನೌಕರಿಯೂ ಕಾಯಂ. ಇಲ್ಲದಿದ್ದರೆ ಹತ್ತು ವಾರಕ್ಕೆ ನಮಸ್ಕಾರ.

"ಕಾಣದಾಕಿ ಕ್ಲಾಸ್ ಹ್ಯಾಂಗ ಸಂಭಾಳಸ್ತಾಳ ಅಂತ ಕಮಿಟಿಯಾಗ ಒಬ್ಬರು ಕೇಳಾಕತ್ಯಾರ. ನನ್ನ ಉತ್ತರ ಅವರಿಗೆ ನಾಟೂದಿಲ್ಲ. ನಿಮ್ಮ ಉತ್ತರ ಬೇಕು," ಎಂದರು ಮೇಡಂ.

"ಕೊಡ್ತೇನ್ರಿ," ಎಂದಳು ಮುಸರತ.

ಪ್ರದರ್ಶನಕ್ಕೆ ಮೂರು ದಿನ ಮೊದಲು, ಸೋಮವಾರ, ಲ್ಯಾಬಿನಲ್ಲಿ ತಾಲೀಮು. ಅದಕ್ಕೆ ಒಂದು ತಾಸು ಮೊದಲು ಹುಡುಗರು ಜಹೀರನ ಸುತ್ತ ಗುಂಪುಗೂಡಿದರು. ದರ ಬಂದಾಗ ಪರದೆಯ ಮೇಲೆ ಅಂಕಿ ಬದಲಾಗುತ್ತಿತ್ತು, ಆದರೆ ಫೋನು ಒಮ್ಮೆ ಹೇಳುತ್ತಿತ್ತು, ಒಮ್ಮೆ ಬಾಯಿ ಮುಚ್ಚಿಕೊಂಡಿರುತ್ತಿತ್ತು. ಮೇಡಂಗೆ ಹೇಳಲು ಅವರಿಗೆ ಹೆದರಿಕೆ. ಜಹೀರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮುಸರತಳ ನೌಕರಿ ಹೋದರೆ ಮಂಗಳವಾರ ಹೋಯಿತು, ಶುಕ್ರವಾರ ಹೋಯಿತು. ಅದಕ್ಕಿಂತ, ಅವಳ ಮುಖ ಸಪ್ಪಗಾಗುವುದನ್ನು ಅವನು ನೋಡಲಾರ. ಒಂದು ಉಪಾಯ ಮಾಡಿದ. ಹಿಂದಿನ ಸಾಲಿನಲ್ಲಿ ತಾನು ಲ್ಯಾಪ್‌ಟಾಪ್ ಹಿಡಿದು ಕೂಡುವುದು. ಅಂಕಿ ಬಂದ ಕೂಡಲೇ ಒಂದು ಗುಂಡಿ ಒತ್ತುವುದು. ತಿರಕಪ್ಪನ ಫೋನು ತಾನೇ ಹೇಳಿದಂತೆ ದರ ಹೇಳುತ್ತದೆ.

ತಾಲೀಮಿನಲ್ಲಿ ಎಲ್ಲ ಬೆಣ್ಣೆಯಿಂದ ಕೂದಲು ತೆಗೆದಂತೆ ನಡೆಯಿತು. ಹುಡುಗರು ಹೋ ಎಂದರು. ಮುಸರತ ಮಾತ್ರ ನಗಲಿಲ್ಲ.

"ಇನ್ನೊಮ್ಮೆ," ಎಂದಳು. ಇನ್ನೊಮ್ಮೆ ನಡೆಯಿತು. "ಇನ್ನೊಮ್ಮೆ." ಆಮೇಲೆ ನಿಧಾನ ಹೇಳಿದಳು: "ನೀವೆಲ್ಲಾ ಹೊರಗ ಹೋಗ್ರಿ. ಜಹೀರ ಸರ್, ನೀವು ನಿಲ್ರಿ."

ಬಾಗಿಲು ಮುಚ್ಚಿತು.

"ನಿಮ್ಮ ಹಳೇ ಲ್ಯಾಪ್‌ಟಾಪಿನ ದೊಡ್ಡ ಕೀ ಸಡ್ಲ ಆಗೈತಿ. ಖಟ್ ಅಂತೈತಿ. ಮೂರು ಸಲನೂ ಅದು ಖಟ್ ಅಂದ ಮ್ಯಾಲನ ಫೋನ್ ಮಾತಾಡ್ತು."

"ಮುಸರತ, ನಿಮ್ಮ ನೌಕರಿ ಹೋಗಬಾರದು ಅಂತ—"

"ತಿರಕಪ್ಪಾರು ಮಾರ್ಕೆಟ್ಟಿನ್ಯಾಗ ಇದನ್ನ ಒತ್ತತಾರ. ಅಲ್ಲಿ ನೀವು ಹಿಂದ ಕುಂತಿರ್ತೀರೇನು?"

ಅವನು ಲ್ಯಾಪ್‌ಟಾಪ್ ಮುಚ್ಚಿದ.

"ಸಣ್ಣಾಕಿದ್ದಾಗಿಂದ ಎಲ್ಲಾರೂ ನನ್ನ ಗೆಲ್ಲಿಸ್ಯಾರ. ಓಟದಾಗ ಬಾಕಿ ಹುಡುಗ್ಯಾರನ್ನ ನಿಲ್ಲಿಸಿ ನನ್ನ ಗೆಲ್ಲಿಸಿದ್ರು. ಹಾಡಿನ್ಯಾಗ ತಾಳ ತಪ್ಪಿದ್ರೂ ಕಪ್ ಕೊಟ್ರು. ಮನಿ ತುಂಬ ಕಪ್ ಅದಾವ, ಅದರಾಗ ಒಂದರ ಖರೇ ನಂದೋ ಅಲ್ಲೋ ನನಗ ಗೊತ್ತಿಲ್ಲ. ಇದೊಂದು ಸಲ ಸೋತರೂ ಖರೇ ಸೋಲಬೇಕು, ಗೆದ್ದರೂ ಖರೇ ಗೆಲ್ಲಬೇಕು ಅಂತ ಇತ್ತು." ಅವಳು ಕೋಲು ಬಿಡಿಸಿ ಬಾಗಿಲತ್ತ ತಿರುಗಿದಳು. "ಬಾಕಿಯವರು ಮಾಡಿದ್ರ ನನಗ ಇಷ್ಟು ನೋಯ್ತಿದ್ದಿಲ್ಲ. ನೀವು ಮಾಡಿದ್ರಿ."

ಅಂದು ಅವಳು ಸ್ಕೂಟರ್ ಹತ್ತಲಿಲ್ಲ. ಸಿಮ್ರಾನಳ ಜೊತೆ ಆಟೊದಲ್ಲಿ ಹೋದಳು. ಜಹೀರ ಡಬ್ಬಿ ಅಂಗಡಿಯ ಮುಂದೆ ಹೋಗಿ ನಿಂತ, ಒಂದು ಚಹಾ ಕೂಡ ಕುಡಿಯದೆ ವಾಪಸು ಬಂದ. ತಪ್ಪು ತನ್ನದೇ ಎಂದು ಗೊತ್ತಿದ್ದಾಗ ಸಿಟ್ಟು ಯಾರ ಮೇಲೆ ಮಾಡುವುದು? ಪ್ರೀತಿ ಎಂದುಕೊಂಡು ಅವಳ ಕೈಯಿಂದ ಅವಳ ಗೆಲುವನ್ನೇ ಕಿತ್ತುಕೊಂಡಿದ್ದ.

ಮರುದಿನ ಅವಳು ಬೆಳಗಿನ ಗಾಡಿಗೇ ಬಂದಳು. ಹುಡುಗರನ್ನು ಬೈಯಲಿಲ್ಲ. "ತಪ್ಪು ಮುಚ್ಚಿಟ್ರ ಕೊಳೀತೈತಿ. ತೆಗೀರಿ, ಹುಡುಕೂಣು," ಎಂದು ಕೂತಳು. ಎರಡು ದಿನ ಸಿಮ್ರಾನ ಸಾಲು ಸಾಲು ಕೋಡ್ ಓದಿ ಹೇಳಿದಳು, ಮುಸರತ ಕೇಳಿ ಕೇಳಿ ತಿದ್ದಿಸಿದಳು. ಬುಧವಾರ ಮಧ್ಯಾಹ್ನ ಫೋನು ನೂರಕ್ಕೆ ನೂರು ಸಲ ಬಾಯಿಬಿಟ್ಟಿತು. ಆ ಎರಡು ದಿನವೂ ಜಹೀರ ಕೇಳಿದ್ದಕ್ಕೆ ವೈರು ಕೊಟ್ಟ, ನೀರು ಕೊಟ್ಟ. ಅವಳು "ಥ್ಯಾಂಕ್ಸ್ ಸರ್" ಎಂದಳು. ಆ 'ಸರ್' ಎಂಬುದು ಮಣ್ಣುಹೆಂಟೆಯ ಹಾಗೆ ಬಂದು ತಾಗುತ್ತಿತ್ತು.

ಗುರುವಾರ ಹಾವೇರಿಯ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ತಿರಕಪ್ಪ ತಲೆಗೆ ಹೊಸ ಪಟಗ ಸುತ್ತಿ, ಫೋನು ಹಿಡಿದು ಕೂತಿದ್ದ. ಅವನ ಫೋನಿನ ಪರದೆ ಹಿಂದಿನ ದೊಡ್ಡ ತೆರೆಯ ಮೇಲೆ ಕಾಣುವಂತೆ ಹುಡುಗರು ಪ್ರೊಜೆಕ್ಟರ್ ಹಚ್ಚಿದ್ದರು. ಅವನ ಚೀಲಗಳನ್ನು ಮಗ ಬೆಳಿಗ್ಗೆಯೇ ಬ್ಯಾಡಗಿಯ ದಲಾಲಿ ಅಂಗಡಿಗೆ ಮುಟ್ಟಿಸಿದ್ದ. ಟೆಂಡರ್ ಫಲಿತಾಂಶ ಇನ್ನೇನು ಬರಬೇಕು. ಮೊದಲ ಸಾಲಿನಲ್ಲಿ ಮಹೇಶ್ವರಿ ಮೇಡಂ, ಕಮಿಟಿಯವರು. ಜಹೀರ ಕಟ್ಟಕಡೆಯ ಸಾಲಿನಲ್ಲಿ ಬರಿಗೈಯಲ್ಲಿ ಕೂತಿದ್ದ.

ತಿರಕಪ್ಪ ಬೆರಳು ಸರಿಸಿದ. "ಲಾಟ್ ನಂಬರ್ ಹಾಕಿ. ಬಟನ್," ಎಂದಿತು ಫೋನು. ನಂಬರ್ ಹಾಕಿದ. "ಟೆಂಡರ್ ನಡೆದಿದೆ. ಕಾಯಿರಿ."

ಕಾದರು. ಒಂದು ನಿಮಿಷ. ಎರಡು. ಜನ ಕೆಮ್ಮಿದರು. ಕಮಿಟಿಯ ಹಿರಿಯರು ವಾಚು ನೋಡಿಕೊಂಡರು. ವೇದಿಕೆಯ ಅಂಚಿನಲ್ಲಿ ಮುಸರತ ಕೋಲಿನ ಮೇಲೆ ಎರಡೂ ಕೈ ಇಟ್ಟು ಕದಲದೆ ನಿಂತಿದ್ದಳು. ಜಹೀರ ಕುರ್ಚಿಯ ತುದಿಗೆ ಸರಿದ. ಓಡಿ ಹೋಗಿ ಏನಾದರೂ ಮಾಡಲೇ, ಎರಡು ಮಾತಾಡಿ ಜನರನ್ನು ತಡೆಯಲೇ? ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಅದುಮಿಟ್ಟುಕೊಂಡ.

ಆಗ ಕರೆಂಟ್ ಹೋಯಿತು. ದೊಡ್ಡ ತೆರೆ ಮಾಯ, ಮೈಕು ಮಾಯ. ಸಭೆಯಲ್ಲಿ ಗದ್ದಲವೆದ್ದಿತು. "ಇರ್ರಿ, ಇರ್ರಿ. ಜನರೇಟರ್ ಹಚ್ಚೂತನಕ ನಿಲ್ಲಸ್ರಿ," ಎಂದರು ಹಿರಿಯರು. "ಏನೂ ಕಾಣವಲ್ದು."

ತಿರಕಪ್ಪ ತಲೆಯೆತ್ತಿದ. "ಯಾಕ ನಿಲ್ಲಸಬೇಕ್ರಿ? ಕರೆಂಟ್ ನಿಮಗ ಹೋತು. ನನಗೇನಾತು?"

ನಗು ಸಭೆಯ ಈ ತುದಿಯಿಂದ ಆ ತುದಿಗೆ ಹರಿಯಿತು. ಆ ನಗು ಇಳಿಯುವುದಕ್ಕೂ ಫೋನು ದನಿ ತೆಗೆಯುವುದಕ್ಕೂ ಸರಿಹೋಯಿತು. ಮೈಕಿಲ್ಲದ ಸಭಾಂಗಣದಲ್ಲಿ ಮೊದಲ ಸಾಲಿನವರು ಮುಂದೆ ಬಾಗಿ ಕೇಳಿದರು: ತಿರಕಪ್ಪ, ಕುಪ್ಪೇಲೂರು, ಲಾಟ್ ನಂಬರ್ ಇನ್ನೂರ ಹದಿನಾಲ್ಕು, ಟೆಂಡರ್ ಆಗಿದೆ, ದರ ಇಷ್ಟು.

ಮುದುಕ ಫೋನನ್ನು ಕಿವಿಗೆ ಒತ್ತಿ ಇನ್ನೊಮ್ಮೆ ಕೇಳಿದ. ಆಮೇಲೆ ಎದ್ದು ನಿಂತ. "ನನ್ನ ಮಗನಿಗೆ ಇನ್ನೂ ಗೊತ್ತಿಲ್ಲ. ದಲಾಲಿ ಅಂಗಡ್ಯಾಂವಗೂ ಗೊತ್ತಿಲ್ಲ. ನನ್ನ ಕಾಯಿ ದರಾ ಇವತ್ತ ಮೊದಲ ನನಗ ಗೊತ್ತಾತು!" ಅವನ ಕಾಣದ ಕಣ್ಣುಗಳಿಂದ ನೀರು ಗಲ್ಲಕ್ಕಿಳಿಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕಲ್ಲೇಶ ಕುರ್ಚಿಯ ಮೇಲೆ ಹತ್ತಿ ಸಿಳ್ಳೆ ಹೊಡೆದ. ಕಮಿಟಿಯ ಹಿರಿಯರು ಮುಸರತಳ ಹತ್ತಿರ ಹೋಗಿ ಹೇಳಿದರು: "ಜೂನ್‌ದಿಂದ ಬರ್ರಿ ಮೇಡಂ. ಕಾಯಂ."

ಸಂಜೆಯ ಗಾಡಿಯಲ್ಲಿ ಹುಡುಗರ ಹಾಡು, ಕೂಗಾಟ. ಜಹೀರ ಬಾಗಿಲ ಹತ್ತಿರ ನಿಂತಿದ್ದ. ಕೋಲಿನ ಸಪ್ಪಳ ಹತ್ತಿರ ಬಂದು ನಿಂತಿತು.

"ಇವತ್ತ ನೀವು ಏನ್ ಮಾಡಿದ್ರಿ?" ಎಂದಳು ಮುಸರತ.

"ಏನೂ ಮಾಡಲಿಲ್ರಿ. ಎರಡೂ ಕೈ ತೊಡಿ ಕೆಳಗ ಹಾಕ್ಕೊಂಡು ಕುಂತಿದ್ದೆ. ಇನ್ನೂ ಜೋಮು ಬಿಟ್ಟಿಲ್ಲ."

"ಖರೇ?"

"ಖರೇ. ಭಾಳ ಕಷ್ಟ ಆತು."

ಅವಳು ನಕ್ಕಳು, ಮೂರು ದಿನದಿಂದ ಅವನು ಕೇಳದ ನಗು. "ಹಂಗಾದ್ರ ನಾ ಖರೇ ಗೆದ್ದೆ."

"ಖರೇ ಗೆದ್ರಿ. ಯಾರೂ ಗೆಲ್ಲಿಸಿಲ್ಲ." ಜಹೀರ ಉಸಿರು ಎಳೆದುಕೊಂಡ. ಗಾಡಿಯ ಸದ್ದಿಗಿಂತ ಜೋರಾಗಿ ಹೇಳಬೇಕಾಯಿತು, ಅದೂ ಒಳ್ಳೆಯದೇ ಆಯಿತು. "ಮುಸರತ, ನಾ ನಿಮ್ಮನ್ನ ಪ್ರೀತಿ ಮಾಡ್ತೇನಿ. ಕನಿಕರ ಅಂತ ತಿಳೀಬ್ಯಾಡ್ರಿ. ಬರೇ ಕನಿಕರ ಇದ್ದಿದ್ರ ನಿಮ್ಮ ಒಂದು ಬೈಗುಳಕ್ಕ ಮೂರು ದಿನ ಊಟ ಸೇರದಂಗ ಆಗ್ತಿದ್ದಿಲ್ಲ. ನನ್ನ ಮದುವಿ ಆಗ್ತೀರೇನು? ಬ್ಯಾಡ ಅಂದ್ರೂ ಜೂನ್‌ದಿಂದ ಸ್ಕೂಟರ್ ಇರ್ತೈತಿ."

ಗಾಳಿಗೆ ಅವಳ ಓಢಣಿ ಹಾರಿ ಅವನ ತೋಳಿಗೆ ಬಡಿಯುತ್ತಿತ್ತು. ಗಾಡಿ ನಿಧಾನವಾಯಿತು.

"ಬ್ಯಾಡಗಿ ಬಂತು. ಇಳೀರಿ," ಎಂದಳು.

"ನಂದು ರಾಣೆಬೆನ್ನೂರು—"

"ಇಳೀರಿ ಅಂದ್ನೆಲ್ಲಾ!" ಅವನ ಮೊಣಕೈಯನ್ನು ತಾನೇ ಹುಡುಕಿ ಹಿಡಿದಳು. ಹಿಂದಿನಿಂದ ಹುಡುಗರು ಹೋ ಎಂದು ಅರಚಿದರು. ಎಲ್ಲಕ್ಕಿಂತ ಜೋರು ಸಿಮ್ರಾನಳದು.

ಮಾರ್ಕೆಟ್ ಹಿಂದಿನ ಓಣಿಗೆ ಬರುವಷ್ಟರಲ್ಲಿ ಮೆಣಸಿನಕಾಯಿ ಘಾಟಿಗೆ ಜಹೀರ ಏಳು ಸಲ ಸೀನಿದ. ಮನೆಯ ಕಟ್ಟೆಯ ಮೇಲೆ ಮುಸರತಳ ತಾಯಿ ಕುಲ್ಸುಮಬಿ, ಪಕ್ಕದ ಮನೆಯ ಜಯವ್ವ ಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಇಪ್ಪತ್ತೇಳು ವರ್ಷದಿಂದ ಕುಲ್ಸುಮಬಿ ಇದೇ ಕಟ್ಟೆಯ ಮೇಲೆ, 'ಕಣ್ಣಿಲ್ಲದ ಹುಡುಗೀನ ಯಾರು ಮಾಡ್ಕೋತಾರವಾ, ಯಾರರ ಪುಣ್ಯಾತ್ಮ ಸಿಗಬೇಕು' ಎಂಬ ಮಾತು ಕೇಳುತ್ತ ಬಂದವಳು. ಜಹೀರ ಸೀನಿನ ನಡುವೆಯೇ ಸಲಾಮು ಹೇಳಿ, ಬಂದ ಕಾರಣ ಹೇಳಿದ.

ಕುಲ್ಸುಮಬಿ ಕೈಯಲ್ಲಿದ್ದ ಕಾಯಿ ಕೆಳಗೆ ಹಾಕಿದಳು. ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ಮನೆಯ ಉರ್ದುವಿನಲ್ಲಿ ಬಿಕ್ಕಿದಳು: ನೀನು ದೊಡ್ಡ ಮನಸ್ಸಿನವನು ಬೇಟಾ, ನನ್ನ ಮಗಳನ್ನು ಒಪ್ಪಿಕೊಂಡೆಯಲ್ಲ, ಅಲ್ಲಾ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಮುಸರತ ಕೋಲು ಮಡಿಚಿ ತಾಯಿಯ ಪಕ್ಕ ಕೂತಳು. ಭುಜ ತಬ್ಬಿದಳು. ಜಯವ್ವನಿಗೂ, ಜಯವ್ವನ ಮೂಲಕ ಇಡೀ ಓಣಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು:

"ಅಮ್ಮಾ, ಕಣ್ಣು ಒರಸ್ಕೋ. ಇವರು ನನ್ನ ಒಪ್ಪಿಕೊಂಡಿದ್ದಲ್ಲ. ಇವರು ಕೇಳಿದ್ರು, ನಾ ವಿಚಾರ ಮಾಡಿದೆ, ನಾ ಇವರನ್ನ ಒಪ್ಪಿಕೊಂಡೇನಿ."